ನೀರು ಕುಡಿದರೆ ನಿಲ್ಲದ ಬಿಕ್ಕಳಿಕೆ

“ಈ ಕೆಲಸ ನನಗ ಬರೂದಿಲ್ರಿ ಸರ,” ಎಂದು ನಾನು ಪ್ರಾಂಶುಪಾಲರ ಮುಂದೆ ನಿಂತು ಹೇಳಿದೆ. ಹೇಳಿ ಸುಮ್ಮನೆ ಕಾದೆ. ಅವರೂ ನನ್ನ ಗಂಟಲನ್ನೇ ನೋಡುತ್ತ ಕಾದರು. ಬಿಕ್ಕಳಿಕೆ ಬರಲಿಲ್ಲ.

“ಖರೇನ ಬರೂದಿಲ್ಲ ಹಂಗಾರ,” ಎಂದು ಹಿರೇಗೌಡರ ಸರ್ ಬೇಸರಪಟ್ಟುಕೊಂಡರು. “ಆದ್ರ ಏನ್ ಮಾಡೂದ್ರಿ ಕುಮುದಿನಿ ಮೇಡಂ, ನಮ್ಮ ಕಾಲೇಜಿನಾಗ ಯಾರಿಗೂ ಬರೂದಿಲ್ಲ. ಬರತೈತಿ ಅಂದ ಇತಿಹಾಸದ ಮಾಸ್ತರಿಗೆ ಮುಂಜಾನಿಂದ ಬಿಕ್ಕಳಿಕಿ ನಿಂತಿಲ್ಲ. ಉಳಿದೋರು ರಜಾ ಹಾಕ್ಯಾರ. ನೀವ ಮಾಡ್ರಿ.”

ಹೀಗೆ ಉದ್ಯೋಗ ಕೌಶಲ ಕೋಶ ನನ್ನ ಕೊರಳಿಗೆ ಬಿತ್ತು. ಡಿಗ್ರಿ ಮುಗಿಸುವ ಮಕ್ಕಳನ್ನು ಕೆಲಸಕ್ಕೆ ಯೋಗ್ಯರನ್ನಾಗಿ ಮಾಡಿ ಕಳಿಸಬೇಕು ಎಂದು ಮೇಲಿನಿಂದ ಆದೇಶ ಬಂದಿತ್ತು. ಹೇಗೆ ಎಂದು ಆದೇಶದಲ್ಲಿ ಇರಲಿಲ್ಲ. ನಾನು ಅರ್ಥಶಾಸ್ತ್ರದವಳು. ಬೇಡಿಕೆ, ಪೂರೈಕೆ ಎಂದು ಬೋರ್ಡಿನ ಮೇಲೆ ಎರಡು ಗೆರೆ ಎಳೆದು ಅರ್ಧ ಆಯುಷ್ಯ ಕಳೆದಿದ್ದೇನೆ. ನನ್ನ ಕೈಯಲ್ಲಿ ಕಲಿತ ಮಕ್ಕಳು ಆ ಗೆರೆಗಳು ಎಲ್ಲಿ ಕೂಡುತ್ತವೆ ಎಂದು ತೋರಿಸಬಲ್ಲರು. ಅವರಿಗೆ ಯಾರು ಕೆಲಸ ಕೊಡುತ್ತಾರೆ ಎಂಬುದು ನನಗೂ ಗೊತ್ತಿರಲಿಲ್ಲ.

ನಮ್ಮ ಊರಿನಲ್ಲಿ ಬಾರದ ಕೆಲಸವನ್ನು ಬರುತ್ತದೆ ಎಂದವರಿಗೆ ಬಿಕ್ಕಳಿಕೆ ಹತ್ತುತ್ತದೆ. ಬರುವ ಕೆಲಸವನ್ನು ಬರುವುದಿಲ್ಲ ಎಂದವರಿಗೂ ಹತ್ತುತ್ತದೆ. ನೀರು ಕುಡಿದರೆ ನಿಲ್ಲುವುದಿಲ್ಲ, ಉಸಿರು ಬಿಗಿಹಿಡಿದರೂ ನಿಲ್ಲುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ನಿಲ್ಲುತ್ತದೆ. ಬೇರೆ ಊರುಗಳಲ್ಲಿ ಬಿಕ್ಕಳಿಕೆ ಬಂದರೆ ಯಾರೋ ನೆನೆಸುತ್ತಿದ್ದಾರೆ ಅನ್ನುತ್ತಾರಂತೆ. ನಮ್ಮಲ್ಲಿ ಯಾರಾದರೂ ಹಾಗೆಂದರೆ ಅವರು ಹೊಸಬರು ಎಂದು ತಿಳಿಯಬೇಕು. ಕ್ಷೌರದಂಗಡಿಯಲ್ಲಿ ಹೊಸಬನೊಬ್ಬ ಕತ್ತರಿ ಹಿಡಿದು ಬಂದರೆ ಗಿರಾಕಿ “ಬರತೈತಿ?” ಎಂದು ಕೇಳಿ, ಉತ್ತರ ಬಂದ ಮೇಲೂ ಒಂದು ಗಳಿಗೆ ಕಾದು, ಆಮೇಲೆ ಕುತ್ತಿಗೆ ಬಗ್ಗಿಸುತ್ತಾನೆ. ಮದುವೆ ಮನೆಯಲ್ಲಿ ಹಾಡಲು ಕರೆದಾಗ “ಅಯ್ಯ, ನನಗೆಲ್ಲಿ ಬರತೈತಿ” ಎಂದ ಹೆಂಗಸಿಗೆ ಬಿಕ್ಕಳಿಕೆ ಬಂದರೆ ಕೈಹಿಡಿದು ಎಳೆದು ತಂದು ಹಾರ್ಮೋನಿಯಂ ಮುಂದೆ ಕೂರಿಸುತ್ತಾರೆ. ಬಡಾಯಿ ಕೊಚ್ಚದಿದ್ದರೆ ಜೀವ ತಡೆಯದು ಅನ್ನುವ ಗಂಡಸರು ಹಳ್ಳದ ಸೇತುವೆ ದಾಟಿ ಆಚೆಯ ಚಹದಂಗಡಿಗೆ ಹೋಗುತ್ತಾರೆ. ಅಲ್ಲಿ ಬಿಕ್ಕಳಿಕೆಯ ಕಾಟವಿಲ್ಲ. ಸಂಜೆಯಾದರೆ ಆ ಅಂಗಡಿಯಲ್ಲಿ ಕೂರಲು ಜಾಗ ಸಿಗುವುದಿಲ್ಲ. ನನ್ನ ಯಜಮಾನರೂ ಆಗಾಗ ಹೋಗುತ್ತಾರೆ. ಬಂದ ಮೇಲೆ ಮನಸ್ಸು ಹಗುರ ಮಾಡಿಕೊಂಡು ಚೆನ್ನಾಗಿ ಊಟ ಮಾಡುತ್ತಾರೆ, ನಾನೂ ಏನೂ ಕೇಳುವುದಿಲ್ಲ.

ಮೊದಲು ದೊಡ್ಡ ಊರಿನಿಂದ ಒಬ್ಬ ತರಬೇತುದಾರರನ್ನು ಕರೆಸಿದೆವು. ಸೂಟು ಹಾಕಿಕೊಂಡು ಬಂದಿದ್ದರು, ಒಳ್ಳೆಯ ಮೈಕಟ್ಟು. ಮೈಕ್ ಹಿಡಿದು, “ಎಂಥ ವಿದ್ಯಾರ್ಥಿಯನ್ನು ಬೇಕಾದರೂ ನಾನು ಒಂದೇ ದಿನದಲ್ಲಿ ನಾಯಕನನ್ನಾಗಿ ಮಾಡಬಲ್ಲೆ,” ಎಂದರು. ಅಷ್ಟೇ. ಮಕ್ಕಳು ಓಡಿ ನೀರು ತಂದುಕೊಟ್ಟರು, ಪಾಪ, ಮರ್ಯಾದೆಗೆ. ಅವರ ಬಸ್ಸು ಸೇತುವೆ ದಾಟುವವರೆಗೂ ಬಿಕ್ಕಳಿಕೆ ಇತ್ತೆಂದು ಕಂಡಕ್ಟರ್ ಮರುದಿನ ಹೇಳಿದ.

ಆಮೇಲೆ ನಾನೇ ತಲೆ ಓಡಿಸಿದೆ. ಸಂದರ್ಶನದಲ್ಲಿ ಬಿಕ್ಕಳಿಕೆ ಬಂದರೆ ತಾನೇ ಮಕ್ಕಳ ಮಾನ ಹೋಗುವುದು? ಬಿಕ್ಕಳಿಕೆಗೆ ಸಿಗದಂಥ ಉತ್ತರ ಹೇಳಿಕೊಟ್ಟರೆ ಆಯಿತಲ್ಲ! ಹುಡುಕಿ ಹುಡುಕಿ ಒಂದು ಮಾತು ಸಿಕ್ಕಿತು: “ಕಲಿಯುತ್ತೇನೆ.” ಇದರಲ್ಲಿ ಬರುತ್ತದೆ ಎಂದೂ ಇಲ್ಲ, ಬರುವುದಿಲ್ಲ ಎಂದೂ ಇಲ್ಲ. ಗಂಟಲು ಯಾವ ತಪ್ಪನ್ನೂ ಹಿಡಿಯಲಾರದು. ವಾರಗಟ್ಟಲೆ ಅದನ್ನೇ ಅಭ್ಯಾಸ ಮಾಡಿಸಿದೆ. ಕೋಣೆಯಲ್ಲಿ ಒಂದೇ ಒಂದು ಬಿಕ್ಕಳಿಕೆ ಇಲ್ಲ. ನನ್ನ ಬುದ್ಧಿಗೆ ನಾನೇ ಮೆಚ್ಚಿದೆ.

ವಿಮೆ ಕಂಪನಿಯೊಂದರವರು ಬಂದು ಮೇಜು ಹಾಕಿಕೊಂಡು ಕುಳಿತರು. “ಕಂಪ್ಯೂಟರ್ ಬರತ್ತಾ?” ಅಂದರು. “ಕಲಿಯುತ್ತೇನೆ ಸರ್.” “ಜನರ ಜೊತೆ ಮಾತಾಡೋಕೆ ಬರತ್ತಾ?” “ಕಲಿಯುತ್ತೇನೆ ಸರ್.” “ಬೆಳಿಗ್ಗೆ ಸರಿಯಾದ ಹೊತ್ತಿಗೆ ಬರ್ತೀರಾ?” “ಅದನ್ನೂ ಕಲಿಯುತ್ತೇನೆ ಸರ್.” ಎಲ್ಲ ಮಕ್ಕಳದೂ ಇದೇ ಹಾಡು. ಅವರು ಮಧ್ಯಾಹ್ನದ ಊಟಕ್ಕೂ ನಿಲ್ಲಲಿಲ್ಲ. ಹೋಗುವಾಗ, “ಮೂರು ವರ್ಷ ಏನ್ ಮಾಡ್ತಿದ್ರು ಮೇಡಂ ಇವ್ರು?” ಎಂದು ಕೇಳಿದರು. ನನಗೆ ಸಿಟ್ಟು ಬಂತು. ಆ ಸಿಟ್ಟು ಅವರ ಮೇಲಲ್ಲ ಎಂಬುದು ಮನೆ ಮುಟ್ಟುವ ಹೊತ್ತಿಗೆ ಗೊತ್ತಾಯಿತು.

ಮರುದಿನ ಫಕ್ಕೀರೇಶ ಎಂಬ ಹುಡುಗ ಕೋಶದ ಬಾಗಿಲಲ್ಲಿ ನಿಂತಿದ್ದ. ದೊಡ್ಡ ಬಾಯಿಯವನು, ಒಳ್ಳೆಯ ಮನಸ್ಸಿನವನು, ಕಾಲೇಜಿಗೆ ಬರುವಾಗಲೇ ಒಂದು ಬಿಕ್ಕಳಿಕೆ ಜೊತೆಗಿರುತ್ತಿತ್ತು. “ಮೇಡಂ, ಕಲೀತೀನಿ ಅಂತ ಅಂದ್ ಅಂದ್ ನನಗ ಏನ್ ಬರತೈತಿ ಅನ್ನೂದ ಮರತ ಹೋಗೇತ್ರಿ,” ಎಂದ.

“ನಿನಗ ಏನ್ ಬರತೈತಿ ಹೇಳು ನೋಡೋಣು.”

“ನೂರ್ ಮಂದೀನ್ ಕೈಯಾಗಿಟಗೊಂಡ್ ಕೆಲಸ ಮಾಡಸ್ತೀನ್ರಿ.” ಬಿಕ್ಕಳಿಕೆ ಬಂತು. “ಹತ್ತ ಮಂದಿ.” ಮತ್ತೆ ಬಂತು. “ನಾಕ್ ಮಂದಿ.” ಸಣ್ಣದಾಗಿ ಬಂತು. ಅವನು ತಲೆ ಕೆರೆದುಕೊಂಡು, “ನಾಕ್ ಮಂದಿ, ಅದರಾಗ ಒಬ್ಬಾಂವ ನಮ್ಮ ದೊಡ್ಡಪ್ಪನ ಮಗಾ ಇರಬೇಕ್ರಿ,” ಎಂದ. ನಿಂತಿತು.

ಇಬ್ಬರೂ ನಕ್ಕೆವು. ನಗುತ್ತಲೇ ನನಗೆ ದಾರಿ ಕಾಣಿಸಿತು. ಅಂದಿನಿಂದ ಬಿಕ್ಕಳಿಕೆಯನ್ನು ತಡೆಯುವುದನ್ನು ಬಿಟ್ಟು ಕರೆಯತೊಡಗಿದೆವು. ಒಬ್ಬೊಬ್ಬರು ಎದ್ದು ನಿಂತು ದೊಡ್ಡದೊಂದು ಮಾತು ಹೇಳಬೇಕು. ಬಿಕ್ಕಳಿಕೆ ಬಂದರೆ ಮಾತನ್ನು ಸ್ವಲ್ಪ ಕತ್ತರಿಸಬೇಕು, ಇನ್ನೂ ಬಂದರೆ ಇನ್ನೂ ಕತ್ತರಿಸಬೇಕು. ಎಲ್ಲಿ ನಿಲ್ಲುತ್ತದೋ ಅದು ಇವತ್ತಿನ ಅಳತೆ. ಮೊದಲು ಹೇಳಿದ ಮಾತಿಗೂ ಈ ಅಳತೆಗೂ ನಡುವೆ ಉಳಿದ ಅಂತರವೇ ಕಲಿಯಬೇಕಾದ ಪಾಠ. ಒಬ್ಬಳು “ಇಂಗ್ಲಿಷ್ ಮಾತಾಡ್ತೀನಿ” ಎಂದು ಶುರುಮಾಡಿ “ಫೋನ್ ನಂಬರ್ ಹೇಳ್ತೀನಿ” ಎಂಬಲ್ಲಿಗೆ ಬಂದು ನಿಂತಳು. ದಿನವೂ ಒಂದು ಮಾತು ಕಲಿತಳು, ದಸರಾ ರಜೆ ಮುಗಿದ ಮೇಲೆ ಸೀದಾ ನಿಂತು ತನ್ನ ಪರಿಚಯವನ್ನೆಲ್ಲ ಹೇಳಿದಳು. ಕೋಣೆ ಗಪ್‌ಚಿಪ್ ಆಗಿ ಕಾಯಿತು. ಬಿಕ್ಕಳಿಕೆ ಬರಲಿಲ್ಲ. ಮಕ್ಕಳು ಬೆಂಚು ಬಡಿದು ಕೂಗಿದ್ದಕ್ಕೆ ಪಕ್ಕದ ತರಗತಿಯ ಇತಿಹಾಸದ ಮಾಸ್ತರು ಬಂದು ಬೈದು ಹೋದರು.

ಬಾಯಿ ತೆರೆಯದವಳು ಕಸ್ತೂರಿ ಒಬ್ಬಳೇ. ಕೊನೆಯ ಬೆಂಚಿನಲ್ಲಿ ಕಿಟಕಿಯ ಪಕ್ಕ ಕೂರುತ್ತಿದ್ದಳು. ಎದ್ದು ನಿಲ್ಲು ಎಂದರೆ ನಿಲ್ಲುತ್ತಿದ್ದಳು, ಮಾತಾಡು ಎಂದರೆ ನೆಲ ನೋಡಿ ನಗುತ್ತಿದ್ದಳು. ಹೈಸ್ಕೂಲಿನಲ್ಲಿದ್ದಾಗ ಸ್ವಾತಂತ್ರ್ಯ ದಿನದಂದು ಹಾಡಲು ಬರುತ್ತದೆ ಎಂದು ಮುಂದೆ ಬಂದು, ವೇದಿಕೆಯ ಮೇಲೆ ಬಿಕ್ಕಳಿಕೆ ಹತ್ತಿ, ಇಡೀ ಶಾಲೆ ನಕ್ಕಿತ್ತಂತೆ. ಆಗಿನಿಂದ ಅವಳಿಗೆ ಬಿಕ್ಕವ್ವ ಎಂದು ಹೆಸರು. ಅಂದಿನಿಂದ ತನ್ನ ಬಗ್ಗೆ ಅವಳು ಏನನ್ನೂ ಹೇಳುವುದಿಲ್ಲ. ಬರುತ್ತದೆ ಅನ್ನುವುದಿಲ್ಲ, ಬರುವುದಿಲ್ಲ ಎಂದೂ ಅನ್ನುವುದಿಲ್ಲ. ಸುಮ್ಮನಿದ್ದವರನ್ನು ಬಿಕ್ಕಳಿಕೆ ಏನು ಮಾಡೀತು!

ಒಂದು ದಿನ ತರಗತಿ ಮುಗಿದ ಮೇಲೆ ಹಿಂದೆ ಉಳಿದಳು. “ಮೇಡಂ, ಹೊಸಾ ದವಾಖಾನಿಯವರು ಬರ್ತಾರಂತಲ್ರಿ, ಖರೇನ್ರಿ?” ಎಂದು ಕೇಳಿದಳು. ಖರೆಯೇ. ಊರಿನ ಅಂಚಿನಲ್ಲಿ ದೊಡ್ಡ ಆಸ್ಪತ್ರೆಯೊಂದು ಎದ್ದಿತ್ತು. ಮುಂದಿನ ಮೇಜಿನಲ್ಲಿ ಕುಳಿತು ರೋಗಿಗಳನ್ನು ಬರಮಾಡಿಕೊಳ್ಳಲು ಪದವಿ ಮುಗಿಸುತ್ತಿರುವ ಒಬ್ಬರು ಬೇಕೆಂದು ನಮ್ಮ ಕಾಲೇಜಿಗೆ ಹೇಳಿ ಕಳಿಸಿದ್ದರು. “ಆ ಕೆಲಸ ನನಗ ಬೇಕ್ರಿ,” ಎಂದಳು. ಅಷ್ಟು ಗಟ್ಟಿಯಾಗಿ ಅವಳು ಏನನ್ನಾದರೂ ಹೇಳಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. “ಅವ್ವಗ ಇನ್ನ ಒಲಿ ಮುಂದ ಕುಂದ್ರಾಕ ಆಗೂದಿಲ್ರಿ. ಸೊಂಟ ಹಿಡದೈತಿ. ಯುಗಾದಿಗೆ ಖಾನಾವಳಿ ಮುಚ್ಚತೀವ್ರಿ. ಆಮ್ಯಾಲ ಮನಿ ನಡೀಬೇಕಲ್ರಿ. ಅವ್ವನ್ನ ಬಿಟ್ಟ ಬ್ಯಾರೆ ಊರಿಗೆ ಹೋಗಾಕೂ ಆಗೂದಿಲ್ಲ.”

“ಮತ್ತ ಅಲ್ಲಿ ಬಾಯಿ ಬಿಡಬೇಕಲ್ಲವಾ?”

ಅವಳು ನೆಲ ನೋಡಿದಳು. ನಗಲಿಲ್ಲ.

ಅವಳ ತಾಯಿ ಗಂಗವ್ವನ ಖಾನಾವಳಿ ಹತ್ತಿ ಪೇಟೆಯ ಹಿಂದಿನ ಓಣಿಯಲ್ಲಿದೆ. ಆ ಶನಿವಾರ ಮಧ್ಯಾಹ್ನ ನಾನು ಊಟಕ್ಕೆ ಬಂದವಳ ಹಾಗೆ ಹೋಗಿ ಮೂಲೆಯಲ್ಲಿ ಕುಳಿತೆ. ಒಳಗೆ ಗಂಗವ್ವ ರೊಟ್ಟಿ ಬಡಿಯುವ ಸದ್ದು, ಹೊರಗೆ ಹಮಾಲರು, ಲಾರಿ ಡ್ರೈವರುಗಳು, ಕೋರ್ಟಿಗೆ ಬಂದ ಹಳ್ಳಿಯವರು. ಎಲ್ಲರಿಗೂ ಒಟ್ಟಿಗೆ ಹಸಿವು. ನಡುವೆ ಕಸ್ತೂರಿ ಓಡಾಡುತ್ತಿದ್ದಳು. ಇವಳೇನಾ ನನ್ನ ಕೊನೆಯ ಬೆಂಚಿನ ಹುಡುಗಿ ಎಂದು ನಾನು ನೋಡುತ್ತಲೇ ಉಳಿದೆ. ಯಾರು ಮೊದಲು ಬಂದರು, ಯಾರು ಆಮೇಲೆ ಬಂದರು, ಯಾರಿಗೆ ಖಾರ ಆಗದು, ಎಲ್ಲ ಅವಳ ತಲೆಯಲ್ಲಿತ್ತು. ಒಬ್ಬ ಡ್ರೈವರು, ತನಗಿಂತ ಆಮೇಲೆ ಬಂದವರಿಗೆ ಮೊದಲು ಬಡಿಸಿದಿರಿ ಎಂದು ತಾಟನ್ನು ದೂರ ತಳ್ಳಿ ಎದ್ದು ನಿಂತು ಕೂಗಾಡತೊಡಗಿದ. ಎಲ್ಲರೂ ಊಟ ಬಿಟ್ಟು ನೋಡಿದರು. ಕಸ್ತೂರಿ ಅವನ ಎದುರು ಹೋಗಿ ನಿಂತು, “ಹೌದು ಕಾಕಾ, ನಿಂದ ಖರೆ,” ಎಂದಳು. ಅವನು ತಬ್ಬಿಬ್ಬಾದ. “ಆ ಅಜ್ಜಗ ಸಕ್ಕರಿ ಬ್ಯಾನಿ, ಕೈ ನಡಗಾಕ ಹತ್ತಿದ್ವು, ಅದಕ್ಕ ಮದ್ಲ ಕೊಟ್ಟೆ. ನಿನಗ ಹೇಳಿ ಕೊಡಬೇಕಾಗಿತ್ತು. ಕುಂದ್ರು, ಬಿಸಿ ರೊಟ್ಟಿ ತರ್ತೀನಿ.” ಡ್ರೈವರು ಕುಳಿತ. ಕುಳಿತವನು ತಾನೇ ತಾಟು ಎಳೆದುಕೊಂಡು, ಅಜ್ಜನ ಕಡೆ ನೋಡಿ, “ನೀ ಉಣ್ಣಪಾ,” ಎಂದ.

ನನ್ನನ್ನು ಕಂಡ ಕೂಡಲೇ ಕಸ್ತೂರಿಯ ಮುಖ ಮತ್ತೆ ನೆಲಕ್ಕೆ ಇಳಿಯಿತು. ಒಂದು ಮಾತೂ ಆಡದೆ ನನಗೂ ಎರಡು ರೊಟ್ಟಿ ಬಡಿಸಿ ಹೋದಳು. ತರಗತಿಯಲ್ಲಿ ನಾನು ಅದನ್ನೆಲ್ಲ ಹೇಳಿದರೆ ಪ್ರಯೋಜನವಿರಲಿಲ್ಲ. ಇನ್ನೊಬ್ಬರು ಹೇಳಿದ್ದಕ್ಕೆ ಬಿಕ್ಕಳಿಕೆ ಬರುವುದೂ ಇಲ್ಲ, ನಿಲ್ಲುವುದೂ ಇಲ್ಲ. ಅವಳೇ ಹೇಳಬೇಕಿತ್ತು.

ಆಸ್ಪತ್ರೆಯಿಂದ ಬಂದವರು ಮಾಲಿನಿ ಎಂಬ ಮ್ಯಾನೇಜರು. ನಡುವಯಸ್ಸಿನವರು, ಹೊರಗಿನವರು, ಮಾತು ಚುರುಕು. ನಮ್ಮ ಕೋಶದ ಕೋಣೆಯಲ್ಲೇ ಸಂದರ್ಶನ ನಡೆಯಿತು. ಕಾಲೇಜಿನ ಪರವಾಗಿ ನಾನು ಪಕ್ಕದಲ್ಲಿ ಕುಳಿತಿದ್ದೆ. ಮಕ್ಕಳು ಚೆನ್ನಾಗಿಯೇ ಮಾತಾಡಿದರು. ಫಕ್ಕೀರೇಶ, “ನಾಲ್ಕು ಜನರಿದ್ದರೆ ಕೆಲಸ ಮಾಡಿಸ್ತೀನಿ, ಐದನೆಯವರಿಗೆ ಸ್ವಲ್ಪ ಟೈಮ್ ಕೊಡಬೇಕು,” ಎಂದು ಶುದ್ಧವಾಗಿ ಹೇಳಿದ. ದೊಡ್ಡಪ್ಪನ ಮಗನನ್ನು ಬಿಟ್ಟಿದ್ದ. ಬಿಕ್ಕಳಿಕೆ ಬರಲಿಲ್ಲ. ನನಗೆ ಎದ್ದು ಬೆನ್ನು ತಟ್ಟಬೇಕು ಅನ್ನಿಸಿತು. ಮಾಲಿನಿಯವರು ಅವನ ಹೆಸರಿನ ಮುಂದೆ ಗುರುತು ಹಾಕಿಕೊಂಡರು.

ಕೊನೆಗೆ ಕಸ್ತೂರಿ ಬಂದಳು. ಅವ್ವನ ಇಳಕಲ್ಲ ಸೀರೆ ಉಟ್ಟಿದ್ದಳು. “ಬನ್ನಿ, ಕೂತ್ಕೊಳ್ಳಿ. ನಿಮಗೆ ಏನೇನು ಕೆಲಸ ಬರತ್ತೆ ಹೇಳಿ,” ಎಂದರು ಮಾಲಿನಿ. ಕಸ್ತೂರಿ ಕುಳಿತಳು, ನೆಲ ನೋಡಿದಳು. “ಪರವಾಗಿಲ್ಲ, ಹೇಳಿ.” ಮೌನ. “ರೋಗಿಗಳ ಜೊತೆ ಮಾತಾಡೋಕೆ ಆಗತ್ತಾ?” ಮೌನ.

ಮಾಲಿನಿ ಪೆನ್ನು ಮುಚ್ಚಿ ನನ್ನ ಕಡೆ ತಿರುಗಿದರು. “ಸಾರಿ ಮೇಡಂ. ಪಾಪದ ಹುಡುಗಿ. ಆದ್ರೆ ಈ ಫೀಲ್ಡಲ್ಲಿ ನಂಗೆ ಅನುಭವ ಇದೆ. ಯಾರನ್ನೇ ಆಗ್ಲಿ ನೋಡಿದ ಕೂಡ್ಲೇ ಅಳೆದುಬಿಡ್ತೀನಿ ನಾನು.” ಹೇಳಿ ಮುಗಿಸುವ ಮೊದಲೇ ಅವರಿಗೆ ಬಿಕ್ಕಳಿಕೆ ಹತ್ತಿತು. “ಅಯ್ಯೋ, ಯಾರೋ ನೆನೆಸ್ಕೋತಿದಾರೆ,” ಎಂದು ನಕ್ಕು ನೀರಿನ ಬಾಟಲಿ ಎತ್ತಿದರು.

ಅವರು ನೀರು ಕುಡಿಯುವಷ್ಟು ಹೊತ್ತು ನನಗೆ ಸಿಕ್ಕಿತು. ಕಸ್ತೂರಿ ಎದ್ದು ನಿಂತಿದ್ದಳು. ಬಾಗಿಲ ಕಡೆ ಹೊರಟಿದ್ದಳು.

“ಕಸ್ತೂರಿ,” ಎಂದೆ. “ಹೋಗೂದಾದ್ರ ಹೋಗವಾ. ಆದ್ರ ದೊಡ್ಡೋರು ಕೇಳಿದ್ದಕ್ಕ ಉತ್ತರಾ ಕೊಡದ ಹೋಗಬಾರದು. ನನಗ ಈ ಕೆಲಸ ಬರೂದಿಲ್ಲ ಅಂತ ಒಂದ ಮಾತ ಹೇಳಿ ಹೋಗು.”

ಅವಳು ನನ್ನನ್ನು ನೋಡಿದಳು. ಅವಳ ಕಣ್ಣು ತುಂಬಿತ್ತು. ನಾನು ಯಾಕೆ ಹಾಗೆ ಹೇಳಿದೆನೆಂದು ಅವಳಿಗೂ ತಿಳಿದಿರಬೇಕು. ನಮ್ಮ ಊರಿನವಳಲ್ಲವೇ ಅವಳು. ಬಿಕ್ಕಳಿಕೆ ಬರದೇ ಹೋದರೆ ಅವಳಿಗೆ ಉಳಿಯುವುದು ಇನ್ನೊಂದು ಅವಮಾನ. ಅದನ್ನು ಕೊಟ್ಟವಳು ನಾನೇ ಆಗುತ್ತಿದ್ದೆ.

“ನನಗ,” ಎಂದಳು. ಫೈಲನ್ನು ಎದೆಗೆ ಒತ್ತಿಕೊಂಡಳು. “ನನಗ ಈ ಕೆಲಸ ಬರೂದಿಲ್ರಿ.”

ಬಂತು ನೋಡಿ. ಮೈಯೆಲ್ಲ ಅಲುಗುವಂಥ ಬಿಕ್ಕಳಿಕೆ. ಕೈಯಲ್ಲಿದ್ದ ಫೈಲು ಕೆಳಗೆ ಬಿತ್ತು. ಅವಳು ಬಾಯಿಗೆ ಸೆರಗು ಒತ್ತಿಕೊಂಡಳು, ಮತ್ತೆ ಬಂತು. ಈ ಕಡೆ ಮಾಲಿನಿಯವರದೂ ನಿಂತಿರಲಿಲ್ಲ. ಇಬ್ಬರೂ ಒಬ್ಬರಾದ ಮೇಲೊಬ್ಬರು ಬಿಕ್ಕುತ್ತಿದ್ದರು. “ತಗೊಳಮ್ಮ, ನೀರು,” ಎಂದು ಮಾಲಿನಿ ಬಾಟಲಿ ಚಾಚಿದರು.

“ನೀರ ಬ್ಯಾಡ್ರಿ,” ಎಂದೆ ನಾನು. “ಆಕಿ ಮಾತಾಡ್ಲಿ. ಹೇಳು ಕಸ್ತೂರಿ. ನಿಲ್ಲಬೇಕಂದ್ರ ಹೇಳಬೇಕು.”

“ರೊಟ್ಟಿ ಬಡಿಯಾಕ ಬರತೈತ್ರಿ,” ಎಂದಳು. ಬಿಕ್ಕಳಿಕೆ ನಿಲ್ಲಲಿಲ್ಲ. ಅದಕ್ಕೆ ಅಷ್ಟು ಸಾಲದು. “ಭಾಳ ಮಂದಿ ಒಮ್ಮೆಲೆ ಬಂದ್ರ ಯಾರ ಮದ್ಲ, ಯಾರ ಆಮ್ಯಾಲ, ನೆನಪಿಡಾಕ ಬರತೈತ್ರಿ.” ಸ್ವಲ್ಪ ಸಣ್ಣದಾಯಿತು. “ಸಿಟ್ಟಿಗೆದ್ದೋರನ್ನ ಕುಂದ್ರಸಾಕ ಬರತೈತ್ರಿ. ಯಾರ್ ಹಸದಾರ, ಯಾರಿಗೆ ಆರಾಮಿಲ್ಲ, ಮಾರಿ ನೋಡಿದ್ರ ತಿಳೀತೈತ್ರಿ. ಓದಾಕ ಬರದವರಿಗೆ ಕಾಗದ ತುಂಬಿ ಕೊಡ್ತೀನ್ರಿ, ಕೋರ್ಟಿಗೆ ಬರೋರು ನಮ್ಮಲ್ಲೇ ತುಂಬಸ್ಕೋತಾರ. ತಪ್ಪ ನಂದಿದ್ರ ನಂದ ತಪ್ಪ ಅಂತೀನ್ರಿ. ಆವಾಗ ಮಂದಿ ಅರ್ಧಾ ತಣ್ಣಗಾಗ್ತಾರ.” ಒಂದೊಂದು ಮಾತಿಗೂ ಅವಳ ತಲೆ ಮೇಲೇಳುತ್ತ ಬಂತು. ನೆಲದಿಂದ ಮೇಜಿಗೆ, ಮೇಜಿನಿಂದ ಮಾಲಿನಿಯವರ ಮುಖಕ್ಕೆ. ಆದರೂ ಸಣ್ಣದೊಂದು ಬಿಕ್ಕಳಿಕೆ ಗಂಟಲಲ್ಲಿ ಉಳಿದೇ ಇತ್ತು. ಇನ್ನೇನು ಹೇಳುವುದು ಎಂಬಂತೆ ನನ್ನ ಕಡೆ ನೋಡಿದಳು. ನಾನು ಏನೂ ಹೇಳಿಕೊಡಲಿಲ್ಲ.

ಅವಳು ಸೆರಗನ್ನು ಬಾಯಿಂದ ತೆಗೆದಳು. “ಈ ಕೆಲಸ ನನಗ ಬರತೈತ್ರಿ,” ಎಂದಳು.

ಕೋಣೆಯಲ್ಲಿ ಮೂವರೂ ಕಾದೆವು. ಫ್ಯಾನು ತಿರುಗುತ್ತಿತ್ತು. ಹೊರಗೆ ಮಕ್ಕಳ ಗಲಾಟೆ ಕೇಳುತ್ತಿತ್ತು. ಕಸ್ತೂರಿಯ ಗಂಟಲು ಅಲುಗಲಿಲ್ಲ. ನನಗೆ ಅಳು ಬಂತು, ಮುಚ್ಚಿಡಲು ಹೋಗಲಿಲ್ಲ.

ಮಾಲಿನಿಯವರಿಗೆ ಮಾತ್ರ ಇನ್ನೂ ನಿಂತಿರಲಿಲ್ಲ. ಅವರು ಕಸ್ತೂರಿಯನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ತಮಗೆ ತಾವೇ ಹೇಳಿಕೊಂಡ ಹಾಗೆ, “ನೋಡಿದ ಕೂಡ್ಲೇ ಜನರನ್ನ ಅಳೆಯೋಕೆ ನಂಗೆ ಬರಲ್ಲಪ್ಪ,” ಎಂದರು. ಬಿಕ್ಕಳಿಕೆ ತಟ್ಟನೆ ನಿಂತಿತು. ಅವರು ಆಶ್ಚರ್ಯದಿಂದ ಗಂಟಲು ಮುಟ್ಟಿಕೊಂಡರು, ಬಾಟಲಿ ನೋಡಿದರು. ನಾನು ವಿವರಿಸಲು ಹೋಗಲಿಲ್ಲ. ಇನ್ನು ಮುಂದೆ ಇಲ್ಲೇ ಇರುವವರು, ತಾವೇ ತಿಳಿದುಕೊಳ್ಳುತ್ತಾರೆ. ಮಾಲಿನಿ ಪೆನ್ನಿನ ಮುಚ್ಚಳ ತೆಗೆದು, “ಸೋಮವಾರದಿಂದ ಬರೋಕಾಗತ್ತಾ?” ಎಂದು ಕೇಳಿದರು.

“ಮಧ್ಯಾಹ್ನದ ಮ್ಯಾಲ ಬರ್ತೀನ್ರಿ,” ಎಂದಳು ಕಸ್ತೂರಿ. “ಯುಗಾದಿ ತನಕಾ ಮುಂಜಾನಿ ಕಾಲೇಜು, ಖಾನಾವಳಿ ಎರಡೂ ಅದಾವ್ರಿ.” ಹಾಗೆ ಒಪ್ಪಂದವಾಯಿತು.

ಹೊರಗೆ ಹೋದವಳನ್ನು ಮಕ್ಕಳು ಮುತ್ತಿಕೊಂಡರು. ಎಲ್ಲರಿಗಿಂತ ಜೋರಾಗಿ ಕೂಗಿದವನು ಫಕ್ಕೀರೇಶ. ಕೆಲಸ ತನಗೆ ಸಿಗಲಿಲ್ಲವೆಂಬ ಬೇಸರ ಮುಖದಲ್ಲಿ ಇದ್ದೇ ಇತ್ತು. “ನಾ ಏನ್ ಹೊಟ್ಟಿಕಿಚ್ಚ ಪಡಂಗಿಲ್ಲ, ಖುಷಿ ಪಡಾಕ ನನಗ ಬರತೈತಿ,” ಎಂದ. ಒಂದೇ ಒಂದು ಸಣ್ಣ ಬಿಕ್ಕಳಿಕೆ ಬಂತು. “ನಾಳಿಂದ,” ಎಂದು ಸೇರಿಸಿದ. ನಿಂತಿತು. ಕಸ್ತೂರಿ ನಕ್ಕಳು. ಅವನಿಗೆ ಮಾರನೇ ತಿಂಗಳು ಹತ್ತಿ ಪೇಟೆಯ ಗೋದಾಮಿನಲ್ಲಿ ಕೆಲಸ ಸಿಕ್ಕಿತು, ಅವನ ಕೈಕೆಳಗೆ ನಾಲ್ವರಿದ್ದಾರೆ.

ಯುಗಾದಿಯ ನಂತರ ಒಂದು ದಿನ ಕೆಮ್ಮಿನ ಔಷಧಿಗೆಂದು ಆಸ್ಪತ್ರೆಗೆ ಹೋಗಿದ್ದೆ. ಮುಂದಿನ ಮೇಜಿನ ಸುತ್ತ ಜನ, ಅಳುವ ಕೂಸು, ಮೇಜು ಗುದ್ದುತ್ತಿದ್ದ ಒಬ್ಬ ಗಂಡಸು. “ಹೌದ್ರಿ ಅಣ್ಣಾರ, ನಿಮ್ದ ಖರೆ,” ಎಂಬ ದನಿ ಕೇಳಿಸಿತು. ನನ್ನನ್ನು ಕಂಡು ಕಸ್ತೂರಿ ನಕ್ಕಳು. ಆದರೆ ಸರದಿ ಬಿಟ್ಟು ಮುಂದೆ ಕರೆಯಲಿಲ್ಲ. ನಾನು ಸಂತೋಷದಿಂದ ಬೆಂಚಿನ ಮೇಲೆ ಕುಳಿತು ಕಾದೆ.

ಕಾಲೇಜು ಮತ್ತೆ ಶುರುವಾಗುವ ಮೊದಲು ಪ್ರಾಂಶುಪಾಲರು ಕರೆಸಿದರು. “ಮೇಡಂ, ಈ ವರ್ಷಾನೂ ಉದ್ಯೋಗ ಕೌಶಲ ಕೋಶ ನೀವ ನೋಡ್ಕೋಬೇಕು.”

ಬೇಸಿಗೆಯಲ್ಲಿ ನನಗೂ ಸೊಂಟ ನೋವಾಗಿತ್ತು. ಮಗಳ ಮನೆಗೆ ಹೋಗಬೇಕೆಂದಿತ್ತು. ಎರಡು ಗೆರೆ ಎಳೆದು ಮನೆಗೆ ಹೋಗುವ ನನ್ನ ಹಳೆಯ ಸುಖ ನೆನಪಾಯಿತು. “ಸರ, ಹ್ವಾದ ವರ್ಷಾನ ಹೇಳಿದ್ನಲ್ರಿ,” ಎಂದೆ. “ಈ ಕೆಲಸ ನನಗ ಬರೂದಿಲ್ಲ.”

ಹಿರೇಗೌಡರ ಸರ್ ಕುರ್ಚಿಗೆ ಒರಗಿ, ಕೈಕಟ್ಟಿಕೊಂಡು, ನನ್ನ ಗಂಟಲನ್ನೇ ನೋಡುತ್ತ ಕಾದರು. ನಾನು ತುಟಿ ಬಿಗಿಹಿಡಿದೆ, ಉಸಿರು ಬಿಗಿಹಿಡಿದೆ.

ಬಿಕ್ಕಳಿಕೆ ಬಂತು.